ಬಲಕ್ಕೆ ತಿರುಗದ ಕಾರಿನಲ್ಲಿ ಹೆಣ್ಣು ನೋಡಲು ಹೋದದ್ದು

ಕೆಟ್ಟಿರುವ ವಸ್ತು ಪೂರ್ತಿ ಕೈಕೊಡುವವರೆಗೂ ಅದು ಚೆನ್ನಾಗಿಯೇ ಇದೆ ಎಂದು ನಂಬುವ ಮನುಷ್ಯರ ಒಂದು ಪಂಗಡವಿದೆ. ನಾನು ಆ ಪಂಗಡದ ಹಿರಿಯ ಸದಸ್ಯ. ಹಿತ್ತಲ ನಲ್ಲಿ ತೊಟ್ಟಿಕ್ಕಿದರೆ ಕೆಳಗೊಂದು ಬಕೆಟ್ ಇಡುತ್ತೇನೆ. ಆ ಬಕೆಟ್ಟೂ ಸೋರಿದರೆ ಪಕ್ಕದಲ್ಲೊಂದು ಗುಲಾಬಿ ಗಿಡ ನೆಟ್ಟು, ನೀರು ಹಾಕುವ ಕೆಲಸ ತಪ್ಪಿತೆಂದು ಸಂತೋಷಪಡುತ್ತೇನೆ. ಎಡಗಡೆಯ ಹಲ್ಲು ನೋಯುತ್ತಿದ್ದರೆ ಬಲಗಡೆಯಿಂದ ಅಗಿಯುತ್ತೇನೆ. "ದೇವ್ರು ನಿಮ್ಗೆ ಎರಡು ದವಡೆ ಕೊಟ್ಟಿದ್ದೇ ತಪ್ಪಾಯ್ತು ಕಣ್ರೀ" ಎಂದು ನನ್ನ ಹೆಂಡತಿ ಪಾರ್ವತಿ ಆಗಾಗ ಅನ್ನುವುದುಂಟು. ಇಂಥವನ ಕೈಗೆ ಪವರ್ ಸ್ಟಿಯರಿಂಗ್ ಇರುವ ಕಾರು ಸಿಗಬಾರದಿತ್ತು. ಸಿಕ್ಕಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ತುಮಕೂರಿನ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುತ್ತಿದ್ದೆ. ಮನೆ ಶೆಟ್ಟಿಹಳ್ಳಿಯಲ್ಲಿ. ಪಾರ್ವತಿಯ ದೊಡ್ಡಪ್ಪ ಬೆಂಗಳೂರಿನ ಹರಾಜಿನಲ್ಲಿ ಒಂದು ಹಳೆಯ ವಿದೇಶಿ ಕಾರು ಹಿಡಿದು, ಅದು ಪೆಟ್ರೋಲ್ ಕುಡಿಯುವ ಪರಿ ನೋಡಿ ಹೆದರಿ, "ಮಕ್ಕಳಿಲ್ಲದ ನಂಗ್ಯಾಕಮ್ಮ ಇಷ್ಟುದ್ದದ ಕಾರು" ಎಂದು ಪ್ರೀತಿಯ ನೆಪದಲ್ಲಿ ನಮ್ಮ ಕಡೆ ದಾಟಿಸಿದ್ದರು. ಅದರ ಮೂತಿ ಗೇಟಿನ ಹತ್ತಿರವಿದ್ದರೆ ಬಾಲ ಬಚ್ಚಲುಮನೆಯ ಹತ್ತಿರ ಇರುತ್ತಿತ್ತು. ಊರಿನ ಉಳಿದ ಕಾರುಗಳನ್ನು ತಿರುಗಿಸುವುದೆಂದರೆ ಬಾವಿಯಿಂದ ಕೊಡ ಸೇದಿದ ಹಾಗೆ. ಇದರಲ್ಲಿ ಇಂಜಿನ್ನೇ ಒಂದು ಬಗೆಯ ಎಣ್ಣೆಯನ್ನು ಒತ್ತಿ ಚಕ್ರ ತಿರುಗಿಸಲು ನೆರವಾಗುತ್ತಿತ್ತು. ಆದ್ದರಿಂದ ಸಾಮಾನ್ಯ ಪ್ರಾಧ್ಯಾಪಕನೂ ಶೂರನಂತೆ ಕಾಣಬಹುದಿತ್ತು.

ಒಂದು ದಿನ ಬಲಕ್ಕೆ ತಿರುಗಿಸಿದಾಗ ಕಾರು ಹಸಿದ ಕರುವಿನಂತೆ "ಊಂ" ಎಂದಿತು. ಗ್ಯಾರೇಜಿನ ಬಾಷಾ ಸಾಬರು ಬಾನೆಟ್ ಎತ್ತಿ ಇಣುಕಿದರು. ಪವರ್ ಸ್ಟಿಯರಿಂಗನ್ನು ಅವರು ಕಂಡದ್ದು ಅದೇ ಮೊದಲು. ಹೊಸ ಮೊಮ್ಮಗುವನ್ನು ನೋಡುವಂತೆ ನೋಡಿದರು.

"ಎಣ್ಣೆ ಡಿಕಾಕ್ಷನ್ ಥರಾ ಆಗದೆ ಸಾರ್. ಪೂರಾ ಇಳ್ಸಿ, ಒಳಗೆಲ್ಲಾ ತೊಳ್ದು, ಹೊಸಾದು ತುಂಬ್ಬೇಕು. ಎಣ್ಣೆ ಬೆಂಗಳೂರಿಂದ ತರಿಸ್ತೀನಿ. ಕೂಲಿ ಸೇರಿ ಮುನ್ನೂರು ಆಯ್ತದೆ."

ಆಗ ನಮ್ಮ ಮನೆ ಬಾಡಿಗೆಯೇ ಇನ್ನೂರೈವತ್ತು. ಕಾರಿನೊಳಗಿನ ಎಣ್ಣೆ ನನಗಿಂತ ಹೆಚ್ಚಿನ ಬಾಡಿಗೆ ಕೊಟ್ಟು ವಾಸಿಸುವುದು ನನಗೆ ಸರಿ ಕಾಣಲಿಲ್ಲ. "ಯಾವಾಗ ಮಾಡಿಸಿದ್ರೆ ಒಳ್ಳೇದು?" ಎಂದೆ.

"ಹೋದ ದೀಪಾವಳಿಗೇ ಮಾಡಿಸ್ಬೇಕಿತ್ತು ಸಾರ್."

"ಹಾಗಾದರೆ ಬರೋ ದೀಪಾವಳಿಗೆ ಮಾಡಿಸೋಣ ಬಿಡಿ" ಎಂದು ಬಂದುಬಿಟ್ಟೆ.

ಕಾರು ದೀಪಾವಳಿಗೆ ಕಾಯಲಿಲ್ಲ. ಪಾರ್ವತಿಯ ತಮ್ಮ ರಾಜಶೇಖರನಿಗೆ ಕುಣಿಗಲ್ಲಿನಲ್ಲಿ ಹೆಣ್ಣು ನೋಡುವುದೆಂದು ನಿಶ್ಚಯವಾಯಿತು. ರಾಜು ಒಳ್ಳೆಯ ಹುಡುಗ, ಒಳ್ಳೆಯ ಕೆಲಸ. ಆದರೆ ಹೆಣ್ಣಿನ ಮನೆಯಲ್ಲಿ ಕೂತರೆ ಬಾಯಿಗೆ ಬೀಗ. ತಲೆ ಬಗ್ಗಿಸಿ ಚಾಪೆಯ ಗೆರೆ ಎಣಿಸುತ್ತಿದ್ದ. "ಹುಡುಗನಿಗೆ ಮಾತು ಬರುತ್ತೋ ಇಲ್ಲವೋ" ಎಂದು ಎರಡು ಸಂಬಂಧ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ತಾನು ಮದುವೆಯನ್ನೇ ಆಗುವುದಿಲ್ಲವೆಂದು ಅವನು ಅಕ್ಕನ ಮುಂದೆ ಕಣ್ಣೀರು ತಂದುಕೊಂಡಿದ್ದ. ಧೈರ್ಯ ಬರಲೆಂದು ದೊಡ್ಡ ಕಾರಿನಲ್ಲೇ ಹೋಗೋಣವೆಂದೆ. ಹಾಗಲವಾಡಿಯಿಂದ ಅತ್ತೆ ಗೌರಮ್ಮನವರು ಮೊದಲ ಬಸ್ಸಿಗೇ ಬಂದಿಳಿದರು.

ಹೊರಟೆವು. ನಮ್ಮ ಬೀದಿಯ ತುದಿಯಲ್ಲಿ ಬಲಕ್ಕೆ ತಿರುಗಿದರೆ ಕುಣಿಗಲ್, ಎಡಕ್ಕೆ ತಿರುಗಿದರೆ ಪೇಟೆ. ಬಲಕ್ಕೆ ತಿರುಗಿಸಿದೆ. ಸ್ಟಿಯರಿಂಗ್ ಒಪ್ಪಲಿಲ್ಲ. ಎರಡು ಕೈಯಲ್ಲಿ ಎಳೆದೆ. ಪಕ್ಕದಲ್ಲಿದ್ದ ಪಾರ್ವತಿಯೂ ಕೈ ಹಾಕಿದಳು. ಕಾರು "ಊಂ" ಎಂದಿತೇ ಹೊರತು ಜಗ್ಗಲಿಲ್ಲ. ಹಿಂದೆ ಬಸ್ಸು ಹಾರನ್ ಹೊಡೆಯಿತು. ಗಾಬರಿಯಲ್ಲಿ ಎಡಕ್ಕೆ ತಿರುಗಿಸಿದರೆ ಬೆಣ್ಣೆಯಂತೆ ತಿರುಗಿ ಪೇಟೆಯ ಕಡೆ ಓಡಿತು!

ಆಗ ನನ್ನೊಳಗಿನ ಭೂಗೋಳ ಜಾಗೃತವಾಯಿತು. ಭೂಮಿ ಗುಂಡಗಿದೆ, ಎಡಕ್ಕೇ ತಿರುಗುತ್ತ ಹೋದರೂ ಊರು ಸಿಗಲೇಬೇಕು. ಪೇಟೆಯಲ್ಲಿ ಎಡಕ್ಕೆ ಹೊರಳಿದರೆ ಗುಬ್ಬಿ, ಗುಬ್ಬಿಯಲ್ಲಿ ಎಡಕ್ಕೆ ಹೊರಳಿ ಹಳ್ಳಿ ದಾರಿ ಹಿಡಿದು, ಮತ್ತೆ ಎಡಕ್ಕೆ ಹೊರಳಿದರೆ ಕುಣಿಗಲ್. ದಾರಿಯ ಸಣ್ಣಪುಟ್ಟ ಬಲತಿರುವುಗಳನ್ನು ನಾನೂ ಪಾರ್ವತಿಯೂ "ಹೂಂ, ಎಳಿ" ಎಂದು ಸೇರಿ ಎಳೆದೆವು. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ದಿಕ್ಕಿಗೆ ಎಳೆದದ್ದು ಅದೇ ಮೊದಲು.

ಗುಬ್ಬಿ ಬಂದಾಗ ಹಿಂದಿನ ಸೀಟಿನಲ್ಲಿ ಹಣ್ಣಿನ ತಟ್ಟೆ ಹಿಡಿದು ಕೂತಿದ್ದ ಅತ್ತೆಯವರಿಗೆ ಅನುಮಾನ ಬಂತು. "ಅಳಿಯಂದ್ರೆ, ಇದು ಗುಬ್ಬಿ ಅಲ್ವಾ? ಬೆಳಗ್ಗೆ ಇದೇ ದಾರೀಲಿ ಬಸ್ಸಲ್ಲಿ ನಿಂತ್ಕಂಡು ಬಂದೆ. ಮೊದ್ಲೇ ಹೇಳಿದ್ರೆ ಇಲ್ಲೇ ಕೂತಿರ್ತಿದ್ನಲ್ಲಪ್ಪಾ!"

ಹಿಂದಿನಿಂದ ಕುಸುಕುಸು ಸದ್ದು ಕೇಳಿತು. ರಾಜು ನಗುತ್ತಿದ್ದ. ಆಮೇಲೆ ಪ್ರತಿಯೊಂದು ಬಲತಿರುವಿಗೂ ನಕ್ಕ. ಅವನನ್ನು ನೋಡಿ ಅತ್ತೆ ನಕ್ಕರು, ಬಾಳೆಹಣ್ಣು ಉರುಳಿದವು, ಪಾರ್ವತಿ ನಗುತ್ತ ಎಳೆಯಲಾರದೆ ಹೋದಳು, ಕಾರು ಒಬ್ಬರ ಹುರುಳಿ ಹೊಲಕ್ಕೆ ಮುಂಗಾಲಿಟ್ಟು ಹಿಂದೆ ಬಂತು.

ಊಟದ ಹೊತ್ತಿಗೆ ಕುಣಿಗಲ್ ಸೇರಿದೆವು. ಹೆಣ್ಣಿನ ಮನೆ ರಸ್ತೆಯ ಬಲಗಡೆಗಿತ್ತು. ಗೇಟು ತೆರೆದು, ಹುಡುಗಿಯ ತಂದೆ ಶರ್ಟಿನ ಮೇಲೆ ಶಲ್ಯ ಹೊದ್ದು ಕೈಮುಗಿದು ನಿಂತಿದ್ದರು. ನಾವು ಅವರ ಮುಂದೆ ನೇರವಾಗಿ ಹಾದುಹೋದೆವು.

"ಇಲ್ಲೇ ಎದುರಿಗೆ ನಿಲ್ಲಿಸಲಾ?" ಎಂದೆ.

"ಗಂಡಿನ ಕಡೆಯವ್ರು ಬೀದೀಲಿ ಇಳ್ದು ಲಾರಿ ಮಧ್ಯೆ ಓಡ್ಕಂಡು ಹೋಗೋದಾ? ಗೇಟೊಳಕ್ಕೇ ಹೋಗ್ಲಿ" ಎಂದರು ಅತ್ತೆ.

ಸುತ್ತಿ ಬಂದು ಎದುರು ದಿಕ್ಕಿನಿಂದ ಹೋದರೆ ಮನೆ ಎಡಗಡೆಗೆ ಸಿಗುತ್ತದೆಂದು ಲೆಕ್ಕ ಹಾಕಿ ಎಡಕ್ಕೆ, ಎಡಕ್ಕೆ, ಎಡಕ್ಕೆ ತಿರುಗಿದೆ. ಎಡಕ್ಕೇ ಸುತ್ತಿದರೆ ಮತ್ತೆ ಅದೇ ದಿಕ್ಕಿನಿಂದಲೇ ಬರುತ್ತೇವೆಂಬುದು ಭೂಗೋಳದಲ್ಲಿ ಎಲ್ಲೋ ಇದ್ದಿರಬೇಕು. ನಾನು ಪಾಠ ಮಾಡಿರಲಿಲ್ಲ. ಎರಡನೆಯ ಸಲ ಹಾದಾಗ ಹುಡುಗಿಯ ತಂದೆ ಅರ್ಧ ಕೈಮುಗಿದರು. ಮೂರನೆಯ ಸಲ ಕೈ ಎತ್ತಲೇ ಇಲ್ಲ. ಆದರೆ ಅವರ ಹಿಂದೆ, ಹಸಿರು ಸೀರೆಯುಟ್ಟು ಒಳಗೆ ಕೂತಿರಬೇಕಾದ ಹುಡುಗಿಯೇ ಗೇಟಿಗೆ ಬಂದು, ಸೆರಗು ಬಾಯಿಗೊತ್ತಿ ನಗುತ್ತಿದ್ದಳು. ರಾಜು ಕಿಟಕಿಯಿಂದ ಕತ್ತು ಹೊರಹಾಕಿ ನೋಡುತ್ತಿದ್ದ.

ನಾಲ್ಕನೆಯ ಸುತ್ತಿಗೆ ಬರುವಾಗ ಅವಳು ತಟ್ಟೆ ಹಿಡಿದು ಎದುರು ಬದಿಯಲ್ಲೇ ನಿಂತಿದ್ದಳು. "ಇಲ್ಲೇ ನಿಲ್ಸಿ ಸಾರ್. ಉಪ್ಪಿಟ್ಟು ಆರೋಯ್ತದೆ" ಎಂದಳು. ನಿಲ್ಲಿಸಿದೆ. ಕಿಟಕಿಯಿಂದಲೇ ಉಪ್ಪಿಟ್ಟು, ಕಾಫಿ ಒಳಗೆ ಬಂದವು. ರಾಜುವಿನ ಕೈಗೆ ಲೋಟ ಕೊಡುತ್ತ, "ನಿಮ್ ಭಾವ ಯಾವಾಗ್ಲೂ ಹಿಂಗೇ ಓಡಿಸ್ತಾರಾ?" ಎಂದಳು.

ರಾಜು ತಲೆ ಬಗ್ಗಿಸಲಿಲ್ಲ.

"ಇಲ್ಲ, ಇವತ್ತು ಸ್ವಲ್ಪ ಚೆನ್ನಾಗಿ ಓಡಿಸ್ತಾವ್ರೆ" ಎಂದ.

ಅವಳು ನಕ್ಕ ರಭಸಕ್ಕೆ ಕಾಫಿ ನನ್ನ ತೋಳಿನ ಮೇಲೆ ಚೆಲ್ಲಿತು. ಅತ್ತೆಯವರು ಕಾರಿಳಿದು, ಲಾರಿಗಳನ್ನು ಕೈಯೆತ್ತಿ ನಿಲ್ಲಿಸಿ, ತಾವೇ ಓಡಿಕೊಂಡು ರಸ್ತೆ ದಾಟಿ ಹುಡುಗಿಯ ತಾಯಿಯ ಕೈಗೆ ಹಣ್ಣಿನ ತಟ್ಟೆ ಕೊಟ್ಟೇಬಿಟ್ಟರು. ಹುಡುಗಿಯ ಹೆಸರು ನಿರ್ಮಲಾ ಎಂದು ನಮಗೆ ತಿಳಿದದ್ದು ಅದಾದ ಮೇಲೆ.

ಮರುದಿನವೇ ಕಾರನ್ನು ಗ್ಯಾರೇಜಿಗೆ ಬಿಡುತ್ತೇನೆಂದರೆ ಅತ್ತೆ ಬಿಡಲಿಲ್ಲ. "ಶುಭ ಆಗದೆ. ತಾಳಿ ಕಟ್ಟೋಗಂಟ ಆ ಎಣ್ಣೆ ಮುಟ್ಬೇಡಿ" ಎಂದರು. ಅಷ್ಟು ದಿನ ಕಾಲೇಜಿಗೆ ಬಸ್ಸಿನಲ್ಲಿ ಹೋದೆ. ಮದುವೆ ಮುಗಿಯಿತು. ಬಾಷಾ ಸಾಬರು ಎರಡು ದಿನ ಕಾರನ್ನಿಟ್ಟುಕೊಂಡು ಕರಿ ಎಣ್ಣೆ ಇಳಿಸಿ, ತೊಳೆದು, ಹೊಸ ಎಣ್ಣೆ ತುಂಬಿದರು. ಗ್ಯಾರೇಜಿನಿಂದ ಹೊರಬರಲು ಬಲಕ್ಕೆ ತಿರುಗಬೇಕಿತ್ತು. ಅಭ್ಯಾಸಬಲದಿಂದ ಹಲ್ಲು ಕಚ್ಚಿ, ಸೀಟಿನಿಂದ ಅರ್ಧ ಎದ್ದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದೆ. ಕಾರು ಗಿರಕ್ಕನೆ ಹೊರಳಿ ಗ್ಯಾರೇಜಿನ ತಗಡಿನ ಬಾಗಿಲನ್ನು ಮೂತಿಯ ಮೇಲೆ ಹೊತ್ತುಕೊಂಡು ನಿಂತಿತು. ಎಣ್ಣೆಗಿಂತ ಬಾಗಿಲು ದುಬಾರಿಯೆಂದು ನೋಡಿದ ಕೂಡಲೇ ತಿಳಿಯಿತು. ನಾನು ಕೆಳಗಿಳಿದೆ.

ಬಾಷಾ ಸಾಬರು ಬಾಗಿಲಿನ ಕಡೆ ನೋಡಲೇ ಇಲ್ಲ. ಮುಂದಿನ ಚಕ್ರಗಳನ್ನು ನೋಡುತ್ತ, ಮುಖ ಅರಳಿಸಿ, "ನೋಡಿದ್ರಾ ಸಾರ್, ಈಗ ಎಷ್ಟು ಹಗುರಾಗಿ ತಿರುಗ್ತದೆ!" ಎಂದರು.