ಮಷೀನು ಬರೋತನ ನಾನಿದ್ದೀನಿ

“ಮಷೀನು ಬರೋತನ ನಾನಿದ್ದೀನಿ. ಇವತ್ತಿನಿಂದ ಪ್ರೇಮಲಾ ಈ ಮನ್ಯಾಗ ಒಂದು ಕಡ್ಡಿ ಎತ್ತಿ ಆ ಕಡಿ ಇಡಂಗಿಲ್ಲ.”

ಜಹೀರಾಬಾದಿನ ಬೀಜ-ಗೊಬ್ಬರದ ವ್ಯಾಪಾರಿ ಸಂಜೀವಕುಮಾರ ಈ ಘೋಷಣೆಯನ್ನು ಮಾಡಿದ್ದು ಊಟ ಮುಗಿಸಿ, ತಟ್ಟೆಯಲ್ಲೇ ಕೈ ತೊಳೆಯುತ್ತ, ತಾಯಿ ಶಕುಂತಲಾಬಾಯಿಯ ಸಮಕ್ಷಮದಲ್ಲಿ. ಘೋಷಣೆ ಮುಗಿಯುವಷ್ಟರಲ್ಲಿ ಆ ತಟ್ಟೆಯನ್ನು ಹೆಂಡತಿ ಪ್ರೇಮಲಾ ಎತ್ತಿಕೊಂಡು ಹೋಗಿದ್ದಳು. ತಟ್ಟೆ ಕಡ್ಡಿಯಲ್ಲವಲ್ಲ, ಹಾಗಾಗಿ ಪ್ರತಿಜ್ಞೆಗೇನೂ ಭಂಗ ಬರಲಿಲ್ಲ.

ಈ ಘೋಷಣೆಗೆ ಕಾರಣವಾದ ಪ್ರೇಮಲಾಳ ರೋಗ ಅವರ ಮನೆಗೆ ಬಂದ ದಾರಿಯೇ ವಿಚಿತ್ರ. ಅಸಲಿಗೆ ಹೈದರಾಬಾದಿನ ಡಾಕ್ಟರ ಹತ್ತಿರ ತೋರಿಸಿಕೊಳ್ಳಲು ಹೋದವನು ಸಂಜೀವಕುಮಾರ. ಅವನ ಗೊರಕೆ ಓಣಿಗೆಲ್ಲ ಹೆಸರುವಾಸಿ. ಇಷ್ಟು ಜೋರಿನ ಗೊರಕೆಯ ಹಿಂದೆ ಯಾವುದೋ ದೊಡ್ಡ ರೋಗವೇ ಇರಬೇಕು ಎಂದು ಅವನಿಗೆ ಒಳಗೊಳಗೇ ಒಂದು ಹೆಮ್ಮೆಯೂ ಇತ್ತು. ಫೈಲು, ನೀರಿನ ಬಾಟಲಿ, ಬುತ್ತಿ ಹಿಡಿದುಕೊಳ್ಳಲು ಹೆಂಡತಿಯನ್ನೂ ಕರೆದೊಯ್ದಿದ್ದ. ಅವನು ತನ್ನ ಗೊರಕೆಯ ಏರಿಳಿತಗಳನ್ನು ಡಾಕ್ಟರಮ್ಮನ ಮುಂದೆ ಬಣ್ಣಿಸುತ್ತಿದ್ದಾಗ ಪಕ್ಕದ ಕುರ್ಚಿಯಲ್ಲಿ ಪ್ರೇಮಲಾ, ಫೈಲು ತೊಡೆಯ ಮೇಲಿಟ್ಟುಕೊಂಡು, ಕೂತಲ್ಲೇ ನಿದ್ದೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ಉಸಿರು ನಿಂತಿತು. ಗಕ್ಕನೆ ಮತ್ತೆ ಬಂತು. ಮತ್ತೆ ನಿಂತಿತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವಳನ್ನೇ ನೋಡತೊಡಗಿದರು.

ಇಬ್ಬರಿಗೂ ಪರೀಕ್ಷೆಯಾಯಿತು.

“ನಿಮ್ಮದು ಬರೀ ಸಪ್ಪಳ ಅದರಿ,” ಎಂದರು ಡಾಕ್ಟರಮ್ಮ. ಅವರು ಬೀದರ ಕಡೆಯವರು. “ರೋಗ ಇವರಿಗದ.”

ಸಂಜೀವಕುಮಾರನಿಗೆ ತನ್ನ ಹಕ್ಕಿನದೊಂದು ವಸ್ತುವನ್ನು ಬೇರೆಯವರಿಗೆ ಕೊಟ್ಟಂತಾಯಿತು. ಇಪ್ಪತ್ತು ವರ್ಷ ಸಂಸಾರ ಮಾಡಿಯೂ ಅವನಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅವಳು ಮಲಗುವ ಹೊತ್ತಿಗೆ ಅವನು ಮಲಗಿ ಆಗಿರುತ್ತಿತ್ತು. ಅವನು ಏಳುವ ಹೊತ್ತಿಗೆ ಅವಳು ಚಹಾ ಹಿಡಿದು ನಿಂತಿರುತ್ತಿದ್ದಳು. ಹೆಂಡತಿ ಮಲಗಿದ್ದನ್ನು ಅವನು ಕಣ್ಣಾರೆ ಕಂಡದ್ದೇ ಆ ಡಾಕ್ಟರ ಕೋಣೆಯಲ್ಲಿ.

ನಿದ್ದೆ ಹತ್ತಿದೊಡನೆ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುವ ರೋಗ ಅದು. ಮುಖಕ್ಕೆ ಮಾಸ್ಕ್ ಹಾಕಿ ರಾತ್ರಿಯೆಲ್ಲ ಗಾಳಿ ಊದುವ ಮಷೀನು ಬೇಕು. ಮಾಲು ಖಾಲಿಯಾಗಿದೆ, ಮೂರು ವಾರ ತಡೆಯಬೇಕು ಎಂದರು ಮಾರುವವರು. ಅಲ್ಲಿಯವರೆಗೆ ಏನು ಮಾಡಬೇಕೆಂದು ಡಾಕ್ಟರಮ್ಮ ಹೇಳಿದರು.

“ಮಗ್ಗಲಾಗಿ ಮಲಗಬೇಕು. ತಲಿ ಕಡಿ ಜರಾ ಎತ್ತರ ಇರಬೇಕು. ರಾತ್ರಿ ಊಟ ಲಗೂನ ಆಗಬೇಕು. ಎಲ್ಲಾಕಿಂತ ಮುಖ್ಯ, ಇವರು ಮಲಗಿದಾಗ ಯಾರೂ ಎಬ್ಬಿಸಬ್ಯಾಡ್ರಿ. ಮತ್ತ ಮಷೀನು ಬಂದು ನಿದ್ದಿ ಸರಿ ಆಗೋತನ ಸ್ಕೂಟಿ ಓಡಸೋದು ಬಂದ್.”

ಪ್ರೇಮಲಾ ಮೊಗುಡಂಪಲ್ಲಿ ಕಡೆಯ ಸರಕಾರಿ ಶಾಲೆಯಲ್ಲಿ ಟೀಚರು. ಇಡೀ ದಿನದಲ್ಲಿ ಅವಳನ್ನು ಯಾರೂ ಏನೂ ಕೇಳದ ಹೊತ್ತೆಂದರೆ ಸ್ಕೂಟಿಯ ಮೇಲಿನ ಹೊತ್ತು ಮಾತ್ರ. ಅದೂ ಹೋಯಿತು. ಕೀಲಿ ಸಂಜೀವಕುಮಾರನ ಜೇಬು ಸೇರಿತು.

“ನನಗ ಏನೂ ಬ್ಯಾಡ್ರಿ,” ಎಂದಳು ಅವಳು. “ರಾತ್ರಿ ಪೂರಾ ನಿದ್ದಿ ಮಾಡಾಕ ಬಿಡ್ರಿ. ನನ್ನ ಗಾಡಿ ನನಗ ವಾಪಸ್ ಸಿಗಲಿ. ಅಷ್ಟ ಸಾಕು.”

“ಫಿಕರ್ ಮಾಡಬ್ಯಾಡ. ಎಲ್ಲಾ ಇಂತಜಾಮ, ಎಲ್ಲಾ ವ್ಯವಸ್ಥಾ ನಾ ಮಾಡ್ತೀನಿ.”

ಮೊದಲ ಇಂತಜಾಮು ಮಂಚದ್ದು. ತಾಂಡೂರಿನಿಂದ ಬರುತ್ತಿದ್ದ ಲಾರಿಯವನಿಗೆ ಹೇಳಿ ನೀಲಿ ಕಲ್ಲಿನ ತುಂಡುಗಳನ್ನು ತರಿಸಿದ. ಡಾಕ್ಟರಮ್ಮ ಹೇಳಿದ ‘ಜರಾ’, ಆ ಸ್ವಲ್ಪ ಎತ್ತರ, ಅವನ ಪ್ರೀತಿಗೆ ಸಾಲದಾಯಿತು. ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಕಲ್ಲಿನ ಮೇಲೆ ಕಲ್ಲು ಏರಿಸುತ್ತ ಹೋದ. ಮಂಚ ಗೊಬ್ಬರದ ಮೂಟೆ ಇಳಿಸುವ ಹಲಗೆಯಂತೆ ನಿಂತಿತು. ಅದರ ಮೇಲೆ ಹೆಂಡತಿಯನ್ನು ಮಗ್ಗಲಾಗಿ ಮಲಗಿಸಿ, ತಾನು ನೆಲದ ಮೇಲೆ ಸಮತಟ್ಟಾಗಿ ಹಾಸಿಕೊಂಡು, ಸಪ್ಪಳ ಶುರು ಮಾಡಿದ.

ಬೆಳಗ್ಗೆ ನೋಡಿದರೆ ಪ್ರೇಮಲಾ ಮಂಚದ ಕಾಲ್ದೆಸೆಯಲ್ಲಿ ಮುದುಡಿ ಕೂತಿದ್ದಳು.

“ಜಾರಿದೇನು?”

“ಇಲ್ರಿ. ರಾತ್ರಿ ಪೂರಾ ಗುಡ್ಡ ಹತ್ತೀನಿ.”

ಅವನು ಅಂಗಡಿಗೆ ಹೋದ ಮೇಲೆ ಅವಳೇ ಕಲ್ಲು ಇಳಿಸಿ, ಬೇಕಾದ ಎರಡನ್ನು ಉಳಿಸಿ, ಮಿಕ್ಕವನ್ನು ಹಿತ್ತಲಿಗೆ ಹೊತ್ತು ಹಾಕಿ, ಕಲ್ಲಿನ ಪುಡಿ ಗುಡಿಸಿ, ಶಾಲೆಗೆ ತಡವಾಗಿ ಹೋದಳು. ಸಂಜೀವಕುಮಾರ ಅಂಗಡಿಯಲ್ಲಿ ಬಂದ ಗಿರಾಕಿಗಳಿಗೆಲ್ಲ “ಮಂಚದ ಕೆಲಸ ಒಂದು ಮುಗೀತು” ಎಂದು ಹೇಳಿದ.

ಎರಡನೆಯ ಇಂತಜಾಮು ಅಡುಗೆ ಮನೆಯದು.

“ನೀ ಹೋಗಿ ಮಲಕೋ. ಇವತ್ತು ಉಪ್ಪಿಟ್ಟು ನಂದು.”

ಪ್ರೇಮಲಾ ಎರಡು ಬಾಳೆಹಣ್ಣು ತಿಂದು ಮಲಗಿದಳು. ಇನ್ನೇನು ರೆಪ್ಪೆ ಕೂಡಬೇಕು, ತುದಿಗಾಲಲ್ಲಿ ಯಾರೋ ಬಂದ ಸುಳಿವು. ಸಂಜೀವಕುಮಾರ ಕೂಗುವವನಲ್ಲ. ರೋಗಿಯ ಮನೆಯಲ್ಲಿ ಕೂಗಬಾರದೆಂಬ ತಿಳಿವಳಿಕೆ ಉಳ್ಳವನು. ಅವಳ ಕಿವಿಯ ಹತ್ತಿರವೇ ಬಾಗಿ, ಅತ್ಯಂತ ಮೆಲ್ಲಗೆ ಕೇಳಿದ.

“ಮಲಗೀಯೇನು?”

“ಹೂಂ.”

“ಮಲಕೋ, ಮಲಕೋ. ಸಾಸಿವಿ ಎಲ್ಲವ ಅಷ್ಟ ಹೇಳು.”

“ಮ್ಯಾಲಿನ ಫಳಿ ಮ್ಯಾಲ. ಬಿಸ್ಕೀಟಿನ ಡಬ್ಬ್ಯಾಗ.”

ಹೋದ. ಬಂದ.

“ಬಿಸ್ಕೀಟಿನ ಡಬ್ಬ್ಯಾಗ ಸಾಸಿವಿ ಇಟ್ಟರ ಮನಷ್ಯಾಗ ಹ್ಯಾಂಗ ಗೊತ್ತಾಗಬೇಕು? ಹೋಗಲಿ, ಬಿಸ್ಕೀಟು ಎಲ್ಲವ?”

“ಸಕ್ಕರಿ ಡಬ್ಬಿ ಬಾಜೂಕ.”

“ಸಕ್ಕರಿ ಡಬ್ಬಿ ಎಲ್ಲದ?”

ಆಮೇಲೆ ಲೈಟರಿಗಾಗಿ ಬಂದ. ಉಪ್ಪಿಗಾಗಿ ಬಂದ. ರವೆ ಯಾವುದು, ಇಡ್ಲಿ ರವೆ ಯಾವುದು ಎಂದು ಎರಡು ಡಬ್ಬಿಗಳನ್ನೂ ಹಾಸಿಗೆಗೇ ತಂದು, ದೀಪ ಹಾಕಿ, ತೋರಿಸಿ ಕೇಳಿದ. ಎಲ್ಲ ಮುಗಿದ ಮೇಲೆ, ಇನ್ನು ಅವಳಿಗೆ ತೊಂದರೆ ಕೊಡಬಾರದೆಂದು ನಿರ್ಧರಿಸಿ, ಆ ನಿರ್ಧಾರವನ್ನು ತಿಳಿಸಲು ಒಮ್ಮೆ ಬಂದ.

ಒಂದು ದೃಷ್ಟಿಯಿಂದ ನೋಡಿದರೆ ಅವನು ಮಾತು ಉಳಿಸಿಕೊಂಡಿದ್ದ. ಉಸಿರು ನಿಲ್ಲಬೇಕಾದರೆ ಮೊದಲು ನಿದ್ದೆ ಹತ್ತಬೇಕು. ಆ ಅವಕಾಶವನ್ನೇ ಅವನು ಕೊಡಲಿಲ್ಲ. ಯಾವ ಕಂಪನಿಯ ಮಷೀನೂ ಇಷ್ಟು ಖಚಿತವಾಗಿ ಕೆಲಸ ಮಾಡಲಾರದು.

ಬೆಳಗ್ಗೆ ಪ್ರೇಮಲಾ ಬಚ್ಚಲಲ್ಲಿ ನೋಡಿದಳು. ಒಂದು ಉಪ್ಪಿಟ್ಟಿಗೆ ಮನೆಯ ಅಷ್ಟೂ ಪಾತ್ರೆಗಳು ಸಾಕ್ಷಿಗೆ ಬಂದು ನಿಂತಿದ್ದವು. ಪಂಚಮಿಗೆ ಮಾತ್ರ ಹೊರಬರುವ ಹಿತ್ತಾಳೆಯ ಪರಾತವೂ ಇತ್ತು.

“ಇವು?”

“ಅಡಗಿ ಮಾಡ್ತೀನಿ ಅಂದಿದ್ದೆ,” ಎಂದ ಸಂಜೀವಕುಮಾರ ನ್ಯಾಯವಾಗಿ. “ಭಾಂಡಿ ತಿಕ್ಕತೀನಿ ಅಂತ ಯಾವಾಗ ಅಂದೀನಿ?”

ಇಷ್ಟಕ್ಕೇ ನಿಂತಿದ್ದರೆ ಹೇಗೋ ಮೂರು ವಾರ ಕಳೆಯುತ್ತಿತ್ತು. ಆದರೆ ಸೌಟು ಹಿಡಿದ ತನ್ನ ಫೋಟೋವನ್ನು ಅವನು ಬಂಧುಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ. ಕೆಳಗೆ ಬರೆದ: ‘ಪ್ರೇಮಲಾಗೆ ದೊಡ್ಡ ರೋಗ. ಮಷೀನು ಬರೋತನ ಸೇವೆ ನನ್ನದು.’

ಗುಂಪು ತುಂಬ ಕೈ ಮುಗಿದ ಚಿತ್ರಗಳು ಬಂದವು. ಅವುಗಳ ಹಿಂದೆಯೇ ಬಂಧುಬಳಗವೂ ಬಂತು. ರೋಗ ಎಂದ ಮೇಲೆ ಮಾತಾಡಿಸಲು ಹೋಗದೆ ಇರಲಾಗುತ್ತದೆಯೇ? ನಾರಾಯಣಖೇಡದಿಂದ ಬಂದರು, ತಾಂಡೂರಿನಿಂದ ಬಂದರು, ಕರಣಕೋಟದ ಸಿಮೆಂಟು ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ನೇರ ಬಂದರು. ಎಲ್ಲರ ಕೈಯಲ್ಲೂ ಒಂದೊಂದು ಡಜನ್ ಬಾಳೆಹಣ್ಣು. ಮಾತಾಡಿಸಲು ಬಂದವರನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ಆ ಮನೆಯಲ್ಲಿಲ್ಲ. ಹಾಗಾಗಿ ಮಲಗಿದ್ದ ರೋಗಿ ಎದ್ದು, ಸೆರಗು ಸರಿಮಾಡಿಕೊಂಡು, ಹಿರಿಯರ ಕಾಲಿಗೆರಗಿ, ಚಹಾಕ್ಕೆ ಇಡಬೇಕು. “ನೀ ಯಾಕ ಏಳ್ತೀ, ಮಲಕೋ ಮಲಕೋ” ಎಂದು ಎಲ್ಲರೂ ಕಳಕಳಿಯಿಂದ ಒತ್ತಾಯ ಮಾಡುತ್ತಿದ್ದರು, ಚಹಾ ಕೈಗೆ ಬಂದ ಮೇಲೆ.

ಅವಳು ಒಳಗೆ ಚಹಾ ಸೋಸುವಾಗ ಸಂಜೀವಕುಮಾರ ಹೊರಗೆ ಅತಿಥಿಗಳಿಗೆ ಮಂಚ ತೋರಿಸುತ್ತಿದ್ದ. ಹಿತ್ತಲಿನ ಕಲ್ಲುಗಳನ್ನೂ ತೋರಿಸುತ್ತಿದ್ದ. ಉಸಿರು ಹೇಗೆ ನಿಲ್ಲುತ್ತದೆ ಎಂಬುದನ್ನು ಕಣ್ಣು ಮುಚ್ಚಿ, ಬಾಯಿ ತೆರೆದು, ಮಾಡಿ ತೋರಿಸುತ್ತಿದ್ದ. ಹೆಂಗಸರು ಬಾಯಿಗೆ ಸೆರಗು ಹಿಡಿದು ಲೊಚಗುಟ್ಟುತ್ತಿದ್ದರು. ಕೊನೆಗೂ ರೋಗ ಅವನಿಗೇ ದಕ್ಕಿದಂತಿತ್ತು.

ಎರಡನೆಯ ವಾರದ ಭಾನುವಾರ, ಹೇಳದೆ ಕೇಳದೆ, ಕಂಗ್ಟಿಯಿಂದ ಒಂದು ಜೀಪು ತುಂಬ ಜನ ಇಳಿದರು. ಸಂಜೀವಕುಮಾರನ ಕಾಕಾ ತುಳಜಪ್ಪ, ಕಾಕಿ ಚಂದ್ರಾಬಾಯಿ, ಅವರ ಹಿಂದೆ ಅವರ ಪರಿವಾರ. ಊಟದ ಹೊತ್ತು. ಪ್ರೇಮಲಾ ಒಲೆ ಹಚ್ಚಿ ಜೋಳದ ರೊಟ್ಟಿ ಬಡಿಯತೊಡಗಿದಳು.

“ಎಂಥಾ ಗಂಡ ಸಿಕ್ಕಾನ ನಮ್ಮ ಪ್ರೇಮಲಾಗ,” ಎಂದಳು ಚಂದ್ರಾಬಾಯಿ, ಅನ್ನುವಾಗ ತುಳಜಪ್ಪನ ಕಡೆ ನೋಡಿ. “ನಮ್ಮವರು ನಾ ಸತ್ತರೂ ಸಾಸಿವಿ ಡಬ್ಬಿ ಹುಡುಕಂಗಿಲ್ಲ.”

“ಅದರಾಗೇನದ ಕಾಕಿ,” ಎಂದ ಸಂಜೀವಕುಮಾರ, ವಿನಯ ಎಲ್ಲರಿಗೂ ಕೇಳಿಸುವಂತೆ. “ಅಕಿಗಿ ಪೂರಾ ಆರಾಮ ಕೊಟ್ಟೀನಿ. ಪ್ರೇಮಲಾ, ಕಾಕಾಗ ಬಿಸೀದೊಂದು ತಾ.”

ಒಳಗಿನಿಂದ ಕರಕಲು ವಾಸನೆ ಬಂತು.

ಎಲ್ಲರೂ ಎದ್ದು ಬಾಗಿಲಿಗೆ ಬಂದರು. ಪ್ರೇಮಲಾ ಒಲೆಕಟ್ಟೆಗೆ ಆತು ನಿಂತಲ್ಲೇ ನಿದ್ದೆ ಹೋಗಿದ್ದಳು. ಹಂಚಿನ ಮೇಲೆ ರೊಟ್ಟಿ ಕಪ್ಪಾಗಿತ್ತು. ರೊಟ್ಟಿಯ ಪಕ್ಕದಲ್ಲಿ ಅವಳ ಕೈ ನಿಧಾನವಾಗಿ ಇಳಿಯುತ್ತಿತ್ತು. ಶಕುಂತಲಾಬಾಯಿ “ಪ್ರೇಮಲಾ” ಅನ್ನುವುದರೊಳಗೆ ಮಣಿಕಟ್ಟು ಹಂಚಿಗೆ ತಾಗಿತು. ಅವಳು ಬೆಚ್ಚಿ ಕಣ್ಣು ಬಿಟ್ಟಳು. ಕೂಗಲಿಲ್ಲ. ಮೊದಲು ಗ್ಯಾಸು ಬಂದ್ ಮಾಡಿದಳು. ಆಮೇಲೆ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು.

ತುಳಜಪ್ಪ ಹಂಚಿನ ಕಡೆ ಇಣುಕಿದ.

“ಅಂದ್ರ…” ಎಂದ ತುಳಜಪ್ಪ, “ರೊಟ್ಟಿ ಇಷ್ಟೇನು?”

ಶಕುಂತಲಾಬಾಯಿ ಕರಕಲು ರೊಟ್ಟಿಯನ್ನು ಹಂಚಿನಿಂದ ಎತ್ತಿ, ಮೈದುನನ ತಟ್ಟೆಗೇ ಹಾಕಿದಳು.

“ನಮ್ಮ ಕಾಲದಾಗ ಉಸಿರು ನಿಂತರೂ ರೊಟ್ಟಿ ನಿಂತಿದ್ದಿಲ್ಲ ತುಳಜಪ್ಪ. ನಿಮ್ಮವ್ವ ಹಿಂಗ ಒಲಿ ಮುಂದನ ಹೋದ್ಲು. ರೊಟ್ಟಿ ಭಾಳ ಛಲೋ ಮಾಡ್ತಿದ್ಲು ಅಂತ ನೀವೆಲ್ಲಾ ಅತ್ತಿರಿ. ನಾ ನೋಡೀನಿ.”

ತುಳಜಪ್ಪ ಆ ರೊಟ್ಟಿಯನ್ನು ಪೂರ್ತಿ ತಿಂದ.

ಇಷ್ಟರಲ್ಲಿ ಸಂಜೀವಕುಮಾರ ಎಚ್ಚೆತ್ತಿದ್ದ. ಇದು ಕಾರ್ಯಪ್ರವೃತ್ತನಾಗುವ ಹೊತ್ತು. ಕೋಣೆಗೆ ಓಡಿದ, ಕಪಾಟು ತೆರೆದ, ಮುಚ್ಚಿದ, ಇನ್ನೊಂದು ತೆರೆದ, ಸೀರೆಗಳು ಮೈಮೇಲೆ ಬಿದ್ದವು, ಓಡಿ ವಾಪಸ್ ಬಂದ.

“ಪ್ರೇಮಲಾ, ಸುಟ್ಟಿದ್ದಕ್ಕ ಹಚ್ಚೋ ಮಲಾಮ ಎಲ್ಲದ?”

ಪ್ರೇಮಲಾ ನಲ್ಲಿಯಿಂದ ಕೈ ತೆಗೆಯದೆ ತಿರುಗಿ ನೋಡಿದಳು.

“ಇವತ್ತಿನಿಂದ ನನಗ ಏನೂ ಕೇಳಬ್ಯಾಡ್ರಿ. ಸಾಸಿವಿ ಬ್ಯಾಡ, ಸಕ್ಕರಿ ಬ್ಯಾಡ. ಮಲಗೀಯೇನು ಅಂತ ಮಾತ್ರ ಜೀವಾ ಹೋದ್ರೂ ಕೇಳಬ್ಯಾಡ್ರಿ.”

ಜೀಪು ಚಹಾ ಕುಡಿಯದೆ ಹೊರಟಿತು. ಹೊರಡುವಾಗ ಚಂದ್ರಾಬಾಯಿ ಗಂಡನ ಕೈಗೆ ತನ್ನ ಚೀಲ ಕೊಟ್ಟು ಮುಂದಿನ ಸೀಟಿನಲ್ಲಿ ಕೂತಳು.

ಸಂಜೀವಕುಮಾರ ಹೆಂಡತಿಯ ಮಾತನ್ನು ಅಕ್ಷರಶಃ ಪಾಲಿಸಿದ. ಅಂದಿನಿಂದ ಅವಳನ್ನು ಏನೂ ಕೇಳಲಿಲ್ಲ. ತಾಯಿಯನ್ನು ಕೇಳತೊಡಗಿದ. “ಅವ್ವಾ, ಜೀರಿಗಿ ಎಲ್ಲದ?” “ಅವ್ವಾ, ನನ್ನ ಟಾವೆಲ್ಲು?” “ಅವ್ವಾ, ಹಾಲು ಉಕ್ಕಿದ್ರ ಮೊದಲು ಏನು ಮಾಡಬೇಕು?” ಮಂಡಿ ನೋವಿನ ಶಕುಂತಲಾಬಾಯಿ ಎದ್ದು ಬರುವಷ್ಟರಲ್ಲಿ ಹಾಲು ತನ್ನ ಕೆಲಸ ಮುಗಿಸಿರುತ್ತಿತ್ತು. ಪಕ್ಕದ ಕೋಣೆಯಲ್ಲಿ ಪ್ರೇಮಲಾ, ಯಾರೂ ಕರೆಯದಿದ್ದರೂ, ಪ್ರತಿ “ಅವ್ವಾ”ಗೂ ಕಣ್ಣು ಬಿಡುತ್ತಿದ್ದಳು. ಇಪ್ಪತ್ತು ವರ್ಷದ ರೂಢಿ ಬಿಡಬೇಕಲ್ಲ.

ಮೂರು ವಾರ ನಾಲ್ಕಾಯಿತು. ಕಡೆಗೊಂದು ಮಧ್ಯಾಹ್ನ ಮಷೀನು ಬಂತು. ಹೊತ್ತು ತಂದವನು ನರಸಿಂಹುಲು ಎಂಬ ಕಂಪನಿಯ ಮನುಷ್ಯ. ತೆಲುಗಿನಲ್ಲಿ ಮಾತು ಶುರು ಮಾಡಿ, ಉರ್ದುವಿನಲ್ಲಿ ತಿರುಗಿಸಿ, ಕನ್ನಡದಲ್ಲಿ ಮುಗಿಸುತ್ತಿದ್ದ. ಕಬ್ಬಿಣದ ಬೀರುವಿನಷ್ಟು ದೊಡ್ಡದನ್ನು ನಿರೀಕ್ಷಿಸಿದ್ದ ಸಂಜೀವಕುಮಾರನಿಗೆ ಟಿಫಿನ್ ಡಬ್ಬಿಯಷ್ಟಿದ್ದ ಮಷೀನು ನೋಡಿ ಸ್ವಲ್ಪ ಅವಮಾನವಾಯಿತು. ತಾನು ಇಷ್ಟು ದಿನ ಮಾಡಿದ ಕೆಲಸವನ್ನು ಇದು ಮಾಡೀತೇ?

ನರಸಿಂಹುಲು ಎರಡು ಮಾಸ್ಕ್ ಹೊರಗಿಟ್ಟ.

“ಮೇಡಂ, ಇದು ಮೂಗಿಂದು. ನಿಮಗ ಇದೇ ಸಾಕ್ರಿ. ಹಗುರ ಅದ. ಇದು ಇನ್ನೊಂದು, ಮೂಗು ಬಾಯಿ ಎರಡೂ ಮುಚ್ಚೋದು. ನೋಡ್ಲಿ ಅಂತ ತಂದೀನಿ, ನಾನೇ ಬ್ಯಾಡ ಅಂತೀನಿ. ಭಾರ ಅದ. ಮತ್ತ ಅದರಾಗ ಒಂದು ತಕಲೀಫ್ ಅದ.”

“ಏನದು?”

“ಒಮ್ಮಿ ಹಾಕ್ಕೊಂಡ್ರ ಮಾತಾಡಾಕ ಬರಂಗಿಲ್ಲ. ಯಾರಾರ ಕರದ್ರ ಓ ಅನ್ನಾಕೂ ಆಗಂಗಿಲ್ಲ.”

ಇಷ್ಟು ಹೊತ್ತು ಗೋಡೆಗೊರಗಿ ತೂಕಡಿಸುತ್ತಿದ್ದ ಪ್ರೇಮಲಾ ನೆಟ್ಟಗೆ ಕೂತಳು.

“ಅದೇ ಕೊಡ್ರಿ.”

“ಮೇಡಂ, ಅದು ಮೂಗು ಕಟ್ಟಿದೋರಿಗೆ—”

“ಕಟ್ಟೇದ. ಅದೇ ಕೊಡ್ರಿ.”

ನರಸಿಂಹುಲು ಪಟ್ಟಿ ಅಳೆದ, ಬಿಗಿದ, ಗುಂಡಿ ಒತ್ತಿದ. ಮಷೀನು ಮೆಲ್ಲಗೆ ಉಸಿರಾಡತೊಡಗಿತು. ಹೇಗನಿಸುತ್ತದೆಂದು ನೋಡಲು ಎರಡು ನಿಮಿಷ ಮಲಗಿರಿ ಎಂದ. ಪ್ರೇಮಲಾ ಮಗ್ಗಲಾದಳು. ಎರಡು ನಿಮಿಷ ಆಯಿತು, ಹತ್ತಾಯಿತು, ಅರ್ಧ ಗಂಟೆಯಾಯಿತು. ಅವಳು ಏಳಲಿಲ್ಲ. ಅವಳ ಉಸಿರು ಒಂದು ಸಲವೂ ನಿಲ್ಲಲಿಲ್ಲ.

ಸಂಜೀವಕುಮಾರ ತುದಿಗಾಲಲ್ಲಿ ಹತ್ತಿರ ಹೋಗಿ, ಬಾಗಿ, ಬಾಯಿ ತೆರೆದ. ಉತ್ತರ ಬರುವಂತಿಲ್ಲ ಎಂಬುದು ನೆನಪಾಗಿ ಬಾಯಿ ತೆರೆದಂತೆಯೇ ನಿಂತ.

ನರಸಿಂಹುಲುವಿಗೆ ಅದು ಮಷೀನಿನ ಮೇಲಿನ ಆಸೆಯಂತೆ ಕಂಡಿತು. ವ್ಯಾಪಾರದ ಮನುಷ್ಯ, ದನಿ ತಗ್ಗಿಸಿ ಕೇಳಿದ, “ಸಾರ್, ನಿಮಗೂ ಗೊರಕಿ ಅದ ಅಂತ ಓಣ್ಯಾಗ ಹೇಳಿದ್ರು, ನಿಮಗೂ ಒಂದು ಮಷೀನು ನೋಡ್ಲೇನ್ರಿ?”

ಮೂಲೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಶಕುಂತಲಾಬಾಯಿ ತಲೆ ಎತ್ತಿದಳು.

“ಅವನಿಗಿ ಮಷೀನು ಬ್ಯಾಡ ನಮ್ಮಪ್ಪ,” ಎಂದಳು. “ಬಾಯಿ ಮುಚ್ಚೋದು ಒಂದು ಕೊಟ್ಟು ಹೋಗು, ಸಾಕು.”