ಹಿಮಕ್ಕೆ ಕೊಬ್ಬರಿ ಎಣ್ಣೆ

...ಸವರಿದ್ದೆ. ಫ್ರೀಜರಿನ ತಳಕ್ಕೆ ಕೊಬ್ಬರಿ ಎಣ್ಣೆ ಸವರಿಯೇ ಹಿತಕಿದ ಅವರೆಬೇಳೆಯ ಡಬ್ಬಿ ಇಟ್ಟಿದ್ದೆ. ಅಥವಾ ಸವರಬೇಕೆಂದು ಬಲವಾಗಿ ಅಂದುಕೊಂಡಿದ್ದೆ. ನನ್ನ ನೆನಪಿನಲ್ಲಿ ಎರಡಕ್ಕೂ ಒಂದೇ ವಾಸನೆ. ಹಲಸಿನ ಹಣ್ಣು ಬಿಡಿಸುವ ಮೊದಲು ಅಮ್ಮ ಕತ್ತಿಗೂ ಕೈಗೂ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು, ಅಂಟು ಹತ್ತದಿರಲಿ ಎಂದು. ಅಂಟೇ ಹತ್ತದ ಮೇಲೆ ಐಸು ಯಾವ ಲೆಕ್ಕ? ವಿಮಾನದ ರೆಕ್ಕೆಗೂ ಹಿಮ ಕಚ್ಚದಂತೆ ಏನೋ ಬಳಿಯುತ್ತಾರಂತೆ. ಚಾಮರಾಜಪೇಟೆಯಲ್ಲಿ ಹಿಮ ಬೀಳುವುದು ನಮ್ಮ ಹಳೆಯ ಫ್ರಿಜ್ಜಿನೊಳಗೆ ಮಾತ್ರ.

ಆ ಭಾನುವಾರ ಬಸುರಿ ತಂಗಿ ಸುಧಾ ಮತ್ತಿಕೆರೆಯಿಂದ ಊಟಕ್ಕೆ ಹೊರಟಿದ್ದಳು. ಕೆಲವು ದಿನಗಳಿಂದ ಅವಳಿಗೆ ಏನೂ ಸೇರುತ್ತಿರಲಿಲ್ಲ. ಬಾಯಿಬಿಟ್ಟು ಕೇಳಿದ್ದು ಒಂದೇ, ಹಿತಕಿದ ಬೇಳೆ ಸಾರು. ಅವರೆಯ ಕಾಲ ಮುಗಿದು ಸೆಕೆ ಶುರುವಾಗಿತ್ತು. ಮನೆಯಲ್ಲಿದ್ದದ್ದು ಆ ಒಂದು ಸ್ಟೀಲ್ ಡಬ್ಬಿ. ಅದು ಐಸಿನಲ್ಲಿ ಹೂತು ಕಲ್ಲಾಗಿ ಕೂತಿತ್ತು.

ದೋಸೆ ಮಗುಚುವ ಸಟ್ಟುಗವನ್ನು ಐಸಿಗೆ ತೂರಿಸಿ ಮೀಟಿದೆ.

"ರೀ, ನಿಲ್ಲಿಸ್ರೀ! ತೂತಾದ್ರೆ ಗ್ಯಾಸ್ ಹೋಗತ್ತೆ, ಫ್ರಿಜ್ಜೇ ಹೋಗತ್ತೆ," ಎಂದು ಹೆಂಡತಿ ವಿಮಲಾ ಕೈ ಹಿಡಿದಳು.

"ಎಣ್ಣೆ ಸವರಿದೀನಿ ಕಣೇ, ಜಾರ್ಕೊಂಡ್ ಬರತ್ತೆ."

"ಕೊಬ್ಬರಿ ಎಣ್ಣೇನಾ? ಚಳಿಗಾಲದಲ್ಲಿ ಅದು ಬಾಟ್ಲಲ್ಲೇ ಗಟ್ಟಿಯಾಗತ್ತೆ. ಅದನ್ನ ಐಸಿಗೆ ಹಚ್ಚಿದ್ರಾ?"

ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅಷ್ಟರಲ್ಲಿ ಸುಧಾಳ ಫೋನು. "ಅಣ್ಣಾ, ಆಟೋ ಮಲ್ಲೇಶ್ವರ ದಾಟ್ತು. ಸಾರಿನ ವಾಸನೆ ಇಲ್ಲಿಗೇ ಬರ್ತಿದೆ!"

"ಬಾಮ್ಮಾ, ಕುದೀತಾ ಇದೆ," ಎಂದುಬಿಟ್ಟೆ.

ವಿಮಲಾ ನೋಡಿದ ನೋಟಕ್ಕೆ ಐಸು ಕರಗಬೇಕಿತ್ತು, ಕರಗಲಿಲ್ಲ. ಅವಳು ಫ್ರಿಜ್ಜು ಆರಿಸಿ, ಡಬ್ಬಿಯ ಸುತ್ತ ಲೋಟದಿಂದ ಬಿಸಿನೀರು ಬಿಟ್ಟಳು. ನಾನು ಎರಡೂ ಕೈಯಿಂದ ಜಗ್ಗಿದೆ. ಏನೂ ಆಗಲಿಲ್ಲ. ಇನ್ನೊಂದು ಲೋಟ. ಮತ್ತೆ ಜಗ್ಗಿದೆ. ಟಕ್ ಎಂದಿತು; ಡಬ್ಬಿ ಎದೆಗವಚಿಕೊಂಡು ನಾನು ನೆಲದ ಮೇಲೆ ಕೂತಿದ್ದೆ.

"ಅತ್ತಿಗೆ, ಇನ್ನೊಂದ್ ಸೌಟು ಸಾರು," ಎಂದು ಸುಧಾ ಕೇಳಿ ಕೇಳಿ ಬಡಿಸಿಕೊಂಡಾಗ ನಾನು ಎಣ್ಣೆಯ ಮಹಿಮೆ ಶುರುಮಾಡಿದೆ.

"ಬಿಸಿನೀರು ಬಿಟ್ಟಿದ್ದು ಯಾರು?" ಎಂದಳು ವಿಮಲಾ.

"ಜಗಳ ಯಾಕೆ?" ಎಂದಳು ಸುಧಾ. "ಡಬ್ಬಿ ತಳ ಮುಟ್ಟಿ ನೋಡಿ. ಜಿಡ್ಡಿದ್ರೆ ಅಣ್ಣ ಗೆದ್ದ."

ಅಡುಗೆಮನೆಗೆ ಓಡಿದೆ. ಡಬ್ಬಿಯನ್ನು ಯಾರೋ ಸೋಪು ಹಾಕಿ ತಿಕ್ಕಿ ಬೋರಲು ಹಾಕಿದ್ದರು. ತಿಕ್ಕಿದವನು ನಾನೇ ಎನ್ನುತ್ತಾಳೆ ವಿಮಲಾ. ಇರಬಹುದು. ಎಣ್ಣೆ ಸವರಿದ್ದೆನೋ ಇಲ್ಲವೋ, ಅದಂತೂ ನನಗೆ ಗೊತ್ತಿಲ್ಲ.