ಮಧ್ಯಾಹ್ನದ ಭಿಕ್ಷೆಯನ್ನು ಆಫರ್ ಮಾಡಿದ ಪ್ರಚಾರಬಂಧುವಿಗೆ

ಶ್ರೀ ಪ್ರಚಾರಬಂಧು ಆ್ಯಪ್ ಅವರ ಸನ್ನಿಧಿಗೆ,
ವಾಸ: ನನ್ನ ಸೊಸೆಯ ಮೊಬೈಲು

ಮಾನ್ಯರೇ,

ಮುಂಜಾನೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಒಲೆ ಹೊತ್ತಿಸುವ ಮೊದಲು ಈ ಪತ್ರ ಬರೆಯಲು ಕುಳಿತಿದ್ದೇನೆ. ತಾವು ಗಂಡಸೋ ಹೆಂಗಸೋ, ನನಗಿಂತ ಹಿರಿಯರೋ ಕಿರಿಯರೋ ತಿಳಿಯದ ಕಾರಣ ನಮಸ್ಕಾರ, ಆಶೀರ್ವಾದ ಎರಡನ್ನೂ ಕಳಿಸಿದ್ದೇನೆ. ತಮಗೆ ಹೊಂದುವುದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಮಾಡಬೇಕು. ತಮಗೆ ಮೈಯೇ ಇಲ್ಲವೆಂದು ಸೊಸೆ ಮಧುಮತಿ ಹೇಳಿದ್ದರಿಂದ ಆರೋಗ್ಯ ವಿಚಾರಿಸುವುದಿಲ್ಲ. ತಮ್ಮ ಚಾರ್ಜು ಇಳಿಯದಿರಲಿ, ಮತ್ತು ಭೀಮಾ ನದಿಯ ಈ ದಂಡೆಯ ಮೇಲೆ ನೆಟ್‌ವರ್ಕು ಹೋದಷ್ಟು ಸಲ ತಿರುಗಿ ಬರಲಿ.

ನಾನು ಗಾಣಗಾಪುರದಲ್ಲಿ ಖಡಕ್ ರೊಟ್ಟಿ, ಅದರ ಜೊತೆಗೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಮಾಡಿ ಮಾರುವವಳು. ತವರೂರು ಆಳಂದ ತಾಲ್ಲೂಕಿನ ಸರಸಂಬಾ. ಅಲ್ಲಿನ ಸಾಲಿಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತೆ. ತಹಶೀಲ್ದಾರರಿಗೆ ಅರ್ಜಿ ಬರೆಯುವುದನ್ನು ಮಾಸ್ತರರು ಕಲಿಸಿದ್ದರು, ಯಂತ್ರಕ್ಕೆ ಬರೆಯುವುದನ್ನು ಕಲಿಸಿರಲಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಹೊಟ್ಟೆ ಇಲ್ಲದಿದ್ದರೆ ಎಲ್ಲಿ ಹಿಡಿಸುತ್ತದೋ ಅಲ್ಲಿ ಹಾಕಿಕೊಳ್ಳಿ. ಹಿಂಡಿ ಕುಟ್ಟುವವಳು ಹಿಂದಿನ ಓಣಿಯ ಮೆಹರಾಜಬೇಗಂ. ಹದಿನೈದು ವರ್ಷದಿಂದ ರೊಟ್ಟಿ ನನ್ನದು, ಹಿಂಡಿ ಅವಳದು, ಜಗಳ ಇಬ್ಬರದೂ.

ನಮ್ಮ ಈ ಸಣ್ಣ ವ್ಯಾಪಾರಕ್ಕೆ ತಮ್ಮಂಥವರ ಗುರುತಾದದ್ದು ಜೇವರ್ಗಿಯಲ್ಲಿ ನಡೆದ ಒಂದು ದಿನದ ತರಬೇತಿಯಿಂದ. ಅಲ್ಲಿಗೆ ಬಂದಿದ್ದ ಸಾಹೇಬರು, ಒಳ್ಳೆಯ ರೊಟ್ಟಿ ಮಾಡಿದರೆ ಸಾಲದು, ಮೂವತ್ತು ದಿವಸಕ್ಕೆ ಏನೇನು ಪೋಸ್ಟ್ ಹಾಕಬೇಕೆಂದು ಮೊದಲೇ ಯೋಜನೆ ಮಾಡಬೇಕು, ಅದು ನಿಮ್ಮ ಕೈಲಿ ಆಗದಿದ್ದರೆ ಪ್ರಚಾರಬಂಧು ಮಾಡುತ್ತದೆ ಎಂದು ತಮ್ಮ ಗುಣಗಾನ ಮಾಡಿದರು. ತಾವು ನಲವತ್ತು ಪ್ರಶ್ನೆ ಕೇಳಿದಿರಿ. ಕನ್ಯೆ ನೋಡಲು ಬಂದವರು ಕೂಡ ಅಷ್ಟು ಕೇಳಿರಲಿಲ್ಲ. ನಾನು ಹೇಳಿದ್ದನ್ನು ಮಧುಮತಿ ಒಂದಕ್ಷರ ಬಿಡದೆ ಒತ್ತುತ್ತ ಹೋದಳು. ನಿಮ್ಮ ಗುರಿ ಗ್ರಾಹಕರು ಯಾರು ಎಂಬುದಕ್ಕೆ ಹಸಿದವರು ಎಂದು ಬರೆಸಿದೆ. ನಿಮ್ಮ ಪ್ರತಿಸ್ಪರ್ಧಿ ಯಾರು ಎಂಬುದಕ್ಕೆ, ಯಾರೂ ಇಲ್ಲ, ಪಕ್ಕದ ಓಣಿಯಲ್ಲಿ ಜಯಮಾಲಾ ಇದ್ದಾಳೆ, ಅವಳ ರೊಟ್ಟಿ ನನ್ನದಕ್ಕಿಂತ ತೆಳ್ಳಗಿರುತ್ತದೆ ಎಂದು ಇದ್ದದ್ದನ್ನೇ ಬರೆಸಿದೆ.

ಅದರಿಂದ ತಾವು ಹೆಣೆದ ಯೋಜನೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಸೋಮವಾರ ಒಬ್ಬ ಬಿಳಿ ಹೆಂಗಸು ನಮ್ಮ ಖಡಕ್ ರೊಟ್ಟಿಯನ್ನು ಕರವಸ್ತ್ರದ ಹಾಗೆ ನಾಲ್ಕು ಮಡಿಕೆ ಮಾಡಿ ತಿನ್ನುವ ಚಿತ್ರ ಹಾಕಿದಿರಿ. ಮುಟ್ಟಿದರೆ ಮುರಿಯುವುದಕ್ಕೇ ಖಡಕ್ ಎನ್ನುವುದು. ಅದನ್ನು ಮಡಚಿದ ಕೈಗೆ ನಾನು ಇಲ್ಲಿಂದಲೇ ಶರಣು ಮಾಡಿದೆ. ಮಂಗಳವಾರ "ಜಯಮಾಲಾ ರೊಟ್ಟಿ ತೆಳ್ಳಗೆ, ನಮ್ಮದು ಗಟ್ಟಿ, ಆಯ್ಕೆ ನಿಮ್ಮದು" ಎಂದು ಹಾಕಿದಿರಿ. ಅಂದಿನಿಂದ ನಳದ ಹತ್ತಿರ ಜಯಮಾಲಾ ನನ್ನ ಕೊಡವನ್ನು ಮಾತ್ರ ಮಾತಾಡಿಸುತ್ತಾಳೆ, ಅದೂ ಕಾಲಿನಿಂದ. ಇವೆಲ್ಲ ಸಣ್ಣವು. ದೊಡ್ಡದು ಮೂವತ್ತೊಂದನೆಯ ಪ್ರಶ್ನೆ.

ನೀವು ಉಚಿತವಾಗಿ ಏನಾದರೂ ಕೊಡುತ್ತೀರಾ, ಯಾವ ಹೊತ್ತಿಗೆ, ಪಡೆಯಲು ಏನು ತರಬೇಕು ಎಂದು ಕೇಳಿದ್ದಿರಿ. ದೇವರ ಊರಿನಲ್ಲಿ ಕೂತು ಸುಳ್ಳು ಹೇಳಲಾದೀತೆ? ಹೌದು, ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಅರ್ಧ ರೊಟ್ಟಿ, ಮೇಲೊಂದಿಷ್ಟು ಹಿಂಡಿ, ಜೋಳಿಗೆ ತಂದವರಿಗೆ ಎಂದು ಬರೆಸಿದೆ. ತಾವು ಪರಸ್ಥಳದವರೆಂದು ಬಿಡಿಸಿಯೂ ಹೇಳಿದೆ. ಗಾಣಗಾಪುರಕ್ಕೆ ಬಂದ ಭಕ್ತರು ಮಧ್ಯಾಹ್ನ ಜೋಳಿಗೆ ಹಿಡಿದು ಐದು ಮನೆಯ ಬಾಗಿಲಿಗೆ ಹೋಗಿ ಮಧುಕರಿ ಬೇಡುತ್ತಾರೆ, ಸಿಕ್ಕ ಅನ್ನವನ್ನೇ ಉಣ್ಣುತ್ತಾರೆ. ಕಾರಿನಲ್ಲಿ ಬಂದವರೂ ಬೇಡುತ್ತಾರೆ, ನಡೆದು ಬಂದವರೂ ಬೇಡುತ್ತಾರೆ. ಆ ಹೊತ್ತಿನಲ್ಲಿ ದತ್ತ ಮಹಾರಾಜರೇ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾರೆಂದು ನಾವು ನಂಬುತ್ತೇವೆ. ಆದ್ದರಿಂದಲೇ ನಮ್ಮತ್ತೆ ಮಲ್ಕಮ್ಮ, ಒಲೆಯನ್ನು ನನ್ನ ಕೈಗೆ ಒಪ್ಪಿಸಿದ ದಿವಸ, "ಮಾರಿ ನೋಡಬ್ಯಾಡ, ಜೋಳಿಗಿ ನೋಡು, ಖಾಲಿ ಕಳಸಬ್ಯಾಡ" ಎಂದಿದ್ದಳು. ಮಾರಿ ಎಂದರೆ ನಮ್ಮ ಕಡೆ ಮುಖ. ಇಪ್ಪತ್ತಾರು ವರ್ಷ ಆ ಮಾತು ನಡೆಸಿಕೊಂಡು ಬಂದಿದ್ದೆ.

ಇಷ್ಟು ಉದ್ದದ ಮಾತನ್ನು ತಾವು ಎರಡೇ ಗೆರೆಗೆ ಇಳಿಸಿದ ಚಮತ್ಕಾರಕ್ಕೆ ಏನೆನ್ನಲಿ! "ಗುರುವಾರದ ಧಮಾಕಾ! ಚೀಲ ತನ್ನಿ, ಉಚಿತ ರೊಟ್ಟಿ ಒಯ್ಯಿರಿ! ವೇಷ ಮರೆಸಿಕೊಂಡು ಬರುವ ಸರ್ಪ್ರೈಸ್ ಸೆಲೆಬ್ರಿಟಿಯನ್ನು ಗುರುತಿಸಿ, ಸೆಲ್ಫಿ ತೆಗೆದು ಬಹುಮಾನ ಗೆಲ್ಲಿ!"

ಆ ಗುರುವಾರ ಹನ್ನೊಂದಕ್ಕೇ ನಮ್ಮ ಓಣಿ ತುಂಬಿತು. ಅಫಜಲಪುರದಿಂದ ಮೋಟಾರು ಸೈಕಲ್ಲು, ಜೇವರ್ಗಿಯಿಂದ ಜೀಪು, ಆಳಂದದಿಂದ ಒಂದು ಟೆಂಪೋ. ಆ ಟೆಂಪೋದಿಂದ ಇಳಿದ ದಪ್ಪ ಮೀಸೆಯ ಗೃಹಸ್ಥರೊಬ್ಬರ ಕೈಯಲ್ಲಿ ಐವತ್ತು ಕಿಲೋ ಗೊಬ್ಬರದ ಖಾಲಿ ಚೀಲವಿತ್ತು. "ಅಕ್ಕೋರ, ಹೀರೋ ಎಷ್ಟೊತ್ತಿಗಿ ಬರ್ತಾನ್ರಿ?" ಎಂದು ಅವರು ಕೇಳಿದಾಗ, "ಇಪ್ಪತ್ತಾರು ವರ್ಷದಿಂದ ನಾನೂ ಅದನ್ನೇ ಕಾಯಾಕತ್ತೇನ್ರೀ" ಎಂದೆ. ಜನ ಉದ್ದ ಗಡ್ಡದ ಮುದುಕರನ್ನೆಲ್ಲ ಹಿಡಿದು ಫೋಟೋ ತೆಗೆದರು, ಗಡ್ಡ ಅಂಟಿಸಿದ್ದೋ ನಿಜದ್ದೋ ಎಂದು ಒಬ್ಬರದನ್ನು ಎಳೆದೂ ನೋಡಿದರು. ಗ್ಯಾಸ್ ಸಿಲಿಂಡರ್ ಹೊತ್ತು ತಂದವನನ್ನೂ ಬಿಡಲಿಲ್ಲ. "ಅಕ್ಕಾ, ಇವರಿಗಿ ಇಲ್ಲಾ ಅನ್ನು, ಬಾಗಲಾ ಹಾಕು" ಎಂದು ಮೆಹರಾಜಬೇಗಂ ಒನಕೆ ಹಿಡಿದುಕೊಂಡೇ ಒದರಿದಳು. ಹೇಗೆ ಅನ್ನಲಿ? ಮಾರಿ ನೋಡಬಾರದು, ಜೋಳಿಗೆ ನೋಡಬೇಕು. ಗೊಬ್ಬರದ ಚೀಲವೂ ಬೇಡಲು ತಂದ ಮೇಲೆ ಜೋಳಿಗೆಯೇ. ಅಂದಿನ ರೊಟ್ಟಿ ಹೋಯಿತು, ಜೇವರ್ಗಿಯಲ್ಲಿ ಬಸುರಿಯೊಬ್ಬಳ ಕುಬಸದ ಊಟಕ್ಕೆಂದು ಒಣಗಿಸಿಟ್ಟಿದ್ದ ರಾಶಿಯೂ ಹೋಯಿತು.

ಬುಟ್ಟಿ ತಳ ಕಂಡಾಗ ಒಬ್ಬ ಮಾಯಿ ಬಂದಳು. ಹಸಿರು ಸೀರೆ, ಎಪ್ಪತ್ತರ ವಯಸ್ಸು, ಸಂಗಮದಲ್ಲಿ ಮಿಂದ ಕೂದಲು ಇನ್ನೂ ತೊಯ್ದೇ ಇತ್ತು. "ಮಾಯೀ, ಭಿಕ್ಷಾ" ಎಂದಳು. ಸೆಲೆಬ್ರಿಟಿ ಹೀಗಿರುವುದಿಲ್ಲವೆಂದು ತಮ್ಮ ಜನ ಅವಳನ್ನು ಮೊಣಕೈಯಿಂದ ಸರಿಸಿದರು. ನಾನು ಒಳಗೆ ಓಡಿ, ಡಬ್ಬಿ ತಡಕಿ, ಒಂದು ಮುರುಕು ಹುಡುಕಿಕೊಂಡು ಬರುವುದರೊಳಗೆ ಹೊರಟುಹೋಗಿದ್ದಳು. ಓಣಿಯ ತುದಿಯವರೆಗೆ ಬರಿಗಾಲಲ್ಲಿ ಹೋದೆ, ಕಾಣಲಿಲ್ಲ. ನನ್ನ ಬಾಗಿಲಿನಿಂದ ಮೊದಲ ಸಲ ಒಂದು ಜೋಳಿಗೆ ಖಾಲಿ ಹೋಯಿತು. ಅಂದು ನನಗೂ ತುತ್ತು ಇಳಿಯಲಿಲ್ಲ.

ಅದೇ ಹೊತ್ತಿಗೆ ಸೊಸೆಯ ಮೊಬೈಲಿನಲ್ಲಿ ತಾವು ಬಣ್ಣದ ಕಾಗದ ಉದುರಿಸಿ, "ಅಭಿನಂದನೆಗಳು, ನಿಮ್ಮ ಪೋಸ್ಟ್ ಹದಿನಾಲ್ಕು ಸಾವಿರ ಜನರನ್ನು ತಲುಪಿದೆ" ಎಂದಿರಿ. ಮಾನ್ಯರೇ, ಹದಿನಾಲ್ಕು ಸಾವಿರದ ಒಂದನೆಯವಳು ಮುಟ್ಟುವಷ್ಟು ಹತ್ತಿರ ನಿಂತಿದ್ದಳು. ನಾನು ಒಂದು ಮಿಕ್ಸರ್ ವಿಚಾರಿಸಿದರೆ ವಾರಗಟ್ಟಲೆ ಮಿಕ್ಸರ್ ತೋರಿಸುವ ಸರ್ವಜ್ಞರು ತಾವು. ದಯಮಾಡಿ ಅವಳನ್ನು ತಮ್ಮ ಗುರಿ ಗ್ರಾಹಕರಲ್ಲಿ ಸೇರಿಸಿಕೊಂಡು ಹುಡುಕಿಕೊಡಬೇಕು. ಆಸಕ್ತಿ: ದತ್ತ ಪಾದುಕೆ. ಸ್ಥಳ: ಸಂಗಮದಿಂದ ನನ್ನ ಹೊಸ್ತಿಲವರೆಗೆ. ಮೊಬೈಲು: ಇಲ್ಲ. ಹಾಗೆಯೇ ಆ ವೇಷ ಮರೆಸಿಕೊಂಡು ಬರುವವರ ಮುಂದಿನ ಮೂವತ್ತು ದಿವಸದ ಯೋಜನೆ ತಮ್ಮ ಹತ್ತಿರವಿದ್ದರೆ ಒಂದು ಪ್ರತಿ ಕಳಿಸಬೇಕು.

ಪೋಸ್ಟ್ ತೆಗೆಯಿರಿ ಎಂದು ಮಧುಮತಿಯ ಕೈಲಿ ಬರೆಸಿ ತಮ್ಮನ್ನು ಮೂರು ಸಲ ಕೇಳಿಕೊಂಡೆ. ಮೂವತ್ತೊಂದನೆಯ ಉತ್ತರವನ್ನು "ಇಲ್ಲ, ನಾನು ಏನನ್ನೂ ಉಚಿತವಾಗಿ ಕೊಡುವುದಿಲ್ಲ" ಎಂದು ಬದಲಿಸಿದರೆ ತಾನೇ ಹೋಗುತ್ತದೆ ಎಂದಿರಿ. "ಒಂದ್ ಸುಳ್ಳು ಒತ್ತಿಬಿಡ್ರಿ ಅತ್ತಿ, ಯಾರಿಗಿ ತಿಳೀತದ?" ಎಂದು ಸೊಸೆ ಅಂದಳು. ಹನ್ನೆರಡೂವರೆಗೆ ಬರುವವರಿಗೆ ತಿಳಿಯುತ್ತದೆ. ನೀಡುವ ಕೈಯಿಂದ ನೀಡುವುದಿಲ್ಲವೆಂದು ಒತ್ತುವುದು ನನ್ನಿಂದ ಆಗಲಿಲ್ಲ. ಎರಡು ದಿವಸ ಯೋಚಿಸಿ, ಪಡೆಯಲು ಏನು ತರಬೇಕು ಎಂಬ ಕಡೆಯ ತುಂಡನ್ನಷ್ಟೇ ಬದಲಿಸಿದೆ: ಜೋಳಿಗೆಯವರಿಗೆ ಜೋಳಿಗೆ ಸಾಕು, ಪೋಸ್ಟ್ ನೋಡಿ ಬಂದವರು ಎರಡು ಕೈ ತರಬೇಕು, ಮೊದಲು ಕೂತು ಐದು ರೊಟ್ಟಿ ಬಡಿಯಬೇಕು, ಅದರಲ್ಲಿ ಒಂದು ಅವರದು.

ತಾವು ಅದಕ್ಕೂ ಧಮಾಕಾ ಎಂದೇ ಹೆಸರಿಟ್ಟಿರಿ, ಸಂತೋಷ. ಮುಂದಿನ ಗುರುವಾರ ಮೆಹರಾಜಬೇಗಂ ಬಾಗಿಲಲ್ಲಿ ಕೂತು ಒಬ್ಬೊಬ್ಬರ ಕೈಗೂ ಹಿಟ್ಟಿನ ಉಂಡೆ ಇಟ್ಟಳು. ಉಂಡೆ ಕಂಡು ಮೋಟಾರು ಸೈಕಲ್ಲುಗಳು ಅಫಜಲಪುರದ ದಾರಿ ಹಿಡಿದವು, ಜೀಪಿನವರಿಗೆ ಒಮ್ಮೆಲೇ ಕೆಲಸ ನೆನಪಾಯಿತು. ಉಳಿದವರು ಏಳು ಜನ, ಅವರಲ್ಲಿ ಗೊಬ್ಬರದ ಚೀಲದವರೂ ಒಬ್ಬರು. ಅವರು ಬಡಿದ ಮೊದಲನೆಯ ರೊಟ್ಟಿ ನೋಡಿ ಮೆಹರಾಜಬೇಗಂ, "ಕಾಕಾ, ಇದು ರೊಟ್ಟಿನೋ ಆಳಂದ ತಾಲ್ಲೂಕಿನ ನಕಾಶೆನೋ?" ಎಂದಳು. ಅವರೂ ನಕ್ಕರು, ಬೆರಳು ಸುಟ್ಟುಕೊಂಡರು, ಎದ್ದು ಹೋಗಲಿಲ್ಲ.

ಹನ್ನೆರಡೂವರೆಗೆ ಒಂದು ಜೋಳಿಗೆ ಬಂತು. ಹಸಿರು ಸೀರೆಯೋ ಬೇರೆಯೋ, ಅದೇ ಮಾಯಿಯೋ ಇನ್ನೊಬ್ಬಳೋ, ನಾನು ತಲೆ ಎತ್ತಲಿಲ್ಲ. ಅತ್ತೆಯ ಮಾತು ಎಷ್ಟು ಕಷ್ಟದ್ದೆಂದು ಅಂದು ತಿಳಿಯಿತು. ನಾನು ಬುಟ್ಟಿಗೆ ಕೈ ಹಾಕುವ ಮೊದಲೇ ಆ ಗೃಹಸ್ಥರು ತಮ್ಮ ಪಾಲಿನ ಸೊಟ್ಟ ರೊಟ್ಟಿಯನ್ನು, ಮೇಲೆ ಹಿಂಡಿ ಇಟ್ಟು, ಜೋಳಿಗೆಗೆ ಹಾಕಿಬಿಟ್ಟಿದ್ದರು. ಅವರ ಕೈತುಂಬ ಹಿಟ್ಟು, ಮೊಬೈಲು ಹಿಡಿಯುವಂತಿರಲಿಲ್ಲ. ಫೋಟೋ ಇಲ್ಲದ ಕಾರಣ ಅಂದು ನನ್ನ ವ್ಯಾಪಾರದ ಪ್ರಚಾರ ಪೂರ್ತಿ ನೆಲಕಚ್ಚಿದೆಯೆಂದು ತಾವು ಸಂಜೆ ಎಚ್ಚರಿಸಿದಿರಿ. ತಮ್ಮ ಕಾಳಜಿಗೆ ಋಣಿ. ನನಗೆ ಮಾತ್ರ ಎಂಟು ದಿವಸದ ಮೇಲೆ ಹೊಟ್ಟೆ ತುಂಬ ಊಟ ಹೋಯಿತು.

ಒಲೆಗೆ ಹೊತ್ತಾಯಿತು. ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,

ಸುಭದ್ರಾಬಾಯಿ
ಗಾಣಗಾಪುರ

ತಾ.ಕ.: ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ತಾವು ದಿನಾ ಕೇಳುತ್ತಿದ್ದೀರಿ. ನಾನು ಬೇಡಿದವರಿಗೆ ಇಲ್ಲ ಎನ್ನುವವಳಲ್ಲ, ಆದರೆ ಮನೆಯಲ್ಲಿ ಇರುವುದು ರೊಟ್ಟಿ. ಒಂದು ಮಧ್ಯಾಹ್ನ ಬನ್ನಿ. ಮಾರಿ ನೋಡದೆ ನೀಡುವ ಮನೆ ಇದು, ತಮಗೆ ಮಾರಿಯೇ ಇಲ್ಲದಿರುವುದು ಇನ್ನೂ ಅನುಕೂಲವಾಯಿತು. ಜೋಳಿಗೆ ಹಿಡಿದು ಬೇಡಲು ಬರುತ್ತೀರೋ, ಪೋಸ್ಟ್ ನೋಡಿ ಬರುತ್ತೀರೋ ಹೊಸ್ತಿಲಲ್ಲೇ ಹೇಳಿಬಿಡಿ. ಎರಡನೆಯದಾದರೆ ಮೆಹರಾಜಬೇಗಂ ಹಿಟ್ಟು ಕಲಸಿಟ್ಟಿರುತ್ತಾಳೆ.